ಹೊನ್ನವ್ವ ಕಾಸಿದ ಸರಿ

ಗೊಳಸಂಗಿಯಲ್ಲಿ ಕಂಬಳಿ ನೇಯುವವರಿಗೆಲ್ಲ ಹೊನ್ನವ್ವನೇ ಸರಿ ಎಂಬ ಅಂಟುಗಂಜಿ ಕಾಸಿ ಕೊಡುತ್ತಿದ್ದಳು. ಹುಣಸೆ ಬೀಜ ಹುರಿದು ಬೀಸಿದ ಹಿಟ್ಟು ತಣ್ಣೀರಲ್ಲಿ ಮರಳಿನಂತೆ ತಳ ಸೇರುತ್ತದೆ. ಒಲೆಯ ಮೇಲೆ ನೀರು ಬಿಸಿಯಾದಂತೆ ಒಂದೊಂದು ಕಣವೂ ನೀರು ಕುಡಿದು ಉಬ್ಬಿ, ಹಂಡೆಯಲ್ಲಿ ಮೇಲೇರುತ್ತದೆ. ಆ ಅಂಟು ಬಳಿದರೇ ಕಂಬಳಿಗೆ ಬಿಗಿ.

ತಾಯಿಯಿಲ್ಲದ ತಮ್ಮ ಪರಸಪ್ಪನನ್ನು ಅವಳೇ ಸಾಕಿದ್ದಳು. ಅವನು ನೇಯ್ದ ಕಂಬಳಿಯ ಅಂಚಿನಲ್ಲಿ ಒಂದು ಕೆಂಪು ಎಳೆ ಇರುತ್ತಿತ್ತು. ಎಪ್ಪತ್ನಾಲ್ಕನೇ ಇಸವಿಯ ಚಳಿಗಾಲದಲ್ಲಿ ಅಕ್ಕನೊಡನೆ ಜಗಳವಾಡಿ ಹೊರಗೆ ಹೋದವನು ಸಂಜೆಗೂ ಬರಲಿಲ್ಲ. ತಾಳಿಕೋಟೆ ಬಸ್ಸು ಹತ್ತಿರಬೇಕು ಎಂದರು ಜನ. ಹೊನ್ನವ್ವ ನಂಬಿದಳು. ಸಿಟ್ಟಿಳಿದ ಮೇಲೆ ಬಂದಾನು ಎಂದುಕೊಂಡು, ಎಂದಿನಂತೆ ಹಿತ್ತಲ ಬಾವಿಯ ನೀರು ಸೇದಿ ಸರಿ ಕಾಸಿದಳು. ಅವನು ನೇಯ್ದಿಟ್ಟ ಕಂಬಳಿಗಳಿಗೆ ತಾನೇ ಬಳಿದು ಸಂತೆಗೆ ಕಳಿಸಿದಳು.

ಚಳಿ ಮುರಿಯಿತು. ಬಿಸಿಲಿಗೆ ಬಾವಿಯ ನೀರು ಬೆಚ್ಚಗಾದಾಗ ಪರಸಪ್ಪ ಮೇಲೆ ಬಂದ. ತೊಳೆಯಲು ಒಯ್ದಿದ್ದ ಉಣ್ಣೆ ಇನ್ನೂ ಕಾಲಿಗೆ ಸುತ್ತಿಕೊಂಡಿತ್ತು. ಬಾವಿಯ ಮೆಟ್ಟಿಲಲ್ಲಿ ಜಾರಿ ಮುಳುಗಿದ್ದ.

ಆಮೇಲೆ ಹೊನ್ನವ್ವನಿಗೆ ಹಂಡೆಯತ್ತ ನೋಡಲಾಗಲಿಲ್ಲ. ಹಿಟ್ಟು ಉಬ್ಬಿ ಬರುವಾಗ ಅದರಲ್ಲಿ ಅವನ ಮುಖ ಬರುತ್ತಿತ್ತು. ನೆರೆಮನೆಯ ಪೀರಬಿ ಸೌಟು ತೆಗೆದುಕೊಂಡಳು. ಕಂಬಳಿಗಳ ಕಾಟ ಇನ್ನೂ ಹೆಚ್ಚಿನದು. ಸಂತೆಯಲ್ಲಿ ಕೆಂಪು ಎಳೆಯ ಕಂಬಳಿ ಹೊದ್ದ ಬೆನ್ನು ಕಂಡರೆ, ಆ ಮನುಷ್ಯ ತಿರುಗಿ ನೋಡುವತನಕ ಹಿಂದೆಯೇ ನಡೆಯುತ್ತಿದ್ದಳು.

ಒಂದು ಮಧ್ಯಾಹ್ನ ತಾಳಿಕೋಟೆಯಲ್ಲಿ ಅಂಥದೇ ಕಂಬಳಿ ಹೊದ್ದಿದ್ದ ಕಾಸಿಂಸಾಬನೆಂಬ ಗಾಡಿಯವನನ್ನು ತಡೆದು, ಹೊಸ ಕಂಬಳಿ ಕೊಡುತ್ತೇನೆ, ಇದನ್ನು ಕೊಡಿರಿ ಎಂದು ಬೇಡಿದಳು. ಯಾಕೆಂದು ಅವನು ಕೇಳಿದ. ಅಲ್ಲಿಯವರೆಗೆ ಯಾರ ಮುಂದೆಯೂ ಆಡದ ಮಾತು ಬಾಯಿಗೆ ಬಂತು.

"ನನ್ನ ತಮ್ಮ ಬಿದ್ದಿದ್ದ ನೀರಾಗ ಇದರ ಸರಿ ಕಾಸೇನ್ರಿ. ಸುಟ್ಟು ಬಿಡ್ತೇನಿ."

ಕಾಸಿಂಸಾಬ ಕಂಬಳಿ ತೆಗೆದು ಮಡಿಸಿದ.

"ಸುಡಬ್ಯಾಡವ್ವಾ, ಅವನ ಕೈ ಕೆಲಸ ಅದು. ಮಣ್ಣು ಮಾಡೂನು. ನಾನೂ ಬರ್ತೇನಿ."

ಪರಸಪ್ಪನ ಗೋರಿಯ ಪಕ್ಕ ಇಬ್ಬರೂ ಅದನ್ನು ಹೂತರು. ಉಳಿದವು ಸಿಂದಗಿಯ ಕಡೆ ಹೋದವೋ, ಇಂಡಿಯ ಕಡೆ ಹೋದವೋ, ಒಂದೂ ಸಿಗಲಿಲ್ಲ.

ಮರುವರ್ಷ ಚಳಿ ಬಿದ್ದಾಗ ಹೊನ್ನವ್ವ ಪೀರಬಿಯ ಮುಂದೆ ಕೈ ಚಾಚಿ ಸೌಟು ಕೇಳಿದಳು. ಅಂಜಿಕೆ ಹೋಯಿತೇ ಎಂದು ಪೀರಬಿ ಕೇಳಿದಳು.

"ಎಲ್ಲಿ ಹೋಗತೈತಿ? ಆದ್ರ ಈ ಹಂಡ್ಯಾಗ ಬಿಟ್ರ ಅವನ ಮಾರಿ ನನಗ ಮತ್ತೆಲ್ಲಿ ಕಾಣತೈತಿ?"

ಪೀರಬಿ ಸೌಟು ಕೊಟ್ಟು, ಕಟ್ಟಿಗೆ ತರಲು ಹೋದಳು.