ಎರಡನೇ ಮಾರಮ್ಮ

ಪಾಲಹಳ್ಳಿಯ ಚಲುವಯ್ಯನ ಊಟದ ಕ್ಯಾರಿಯರಿನಲ್ಲಿ ಮೇಲಿನ ಡಬ್ಬಿಗೆ ಮುದ್ದೆ, ಕೆಳಗಿನ ಡಬ್ಬಿಗೆ ಫ್ಲಾಪಿ. ಬಸ್ಸಿನ ಧೂಳು ತಾಕಬಾರದಲ್ಲ! ತೊಂಬತ್ತೈದರ ಸುಮಾರಿಗೆ, ನಮ್ಮ ನಾಲ್ಕು ತಾಲೂಕುಗಳ ಉದ್ಧಾರವನ್ನು ಗುತ್ತಿಗೆ ಹಿಡಿದಿದ್ದ ಒಂದು ಸಂಸ್ಥೆಯಲ್ಲಿ ಅವನು ಕಂಪ್ಯೂಟರ್ ಆಪರೇಟರು. ಅಂದರೆ ಬಸ್ಸು ಹತ್ತುವವನು.

ಸಂಸ್ಥೆಗೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದಲ್ಲಿ ಒಂದೊಂದು ಕಂಪ್ಯೂಟರು. ಪಾಂಡವಪುರದವರು ಎಲ್ಲ ಊರಿನ ಗುಡಿಗಳನ್ನು ಬರೆಯಬೇಕು, ಪೇಟೆಯವರು ಕೆರೆಗಳನ್ನು, ನಾಗಮಂಗಲದವರು ಸೂಲಗಿತ್ತಿಯರನ್ನು. ಮೇಲೆ ಊರು, ಅದರಡಿ ಹೆಸರು, ಹೆಸರಿನಡಿ ವಿವರ. ಪ್ರತಿ ಸೋಮವಾರ ಚಲುವಯ್ಯ ಮೂರೂ ಕಡೆಯ ಪಟ್ಟಿಗಳನ್ನು ಫ್ಲಾಪಿಯಲ್ಲಿ ತಂದು ಶ್ರೀರಂಗಪಟ್ಟಣದಲ್ಲಿ ಕೂಡಿಸಿ, ಕೂಡಿಸಿದ್ದನ್ನು ಮತ್ತೆ ಎಲ್ಲ ಕಡೆಗೂ ಹೊತ್ತು ಹಂಚಬೇಕು. ಒಂದೂರಿನಲ್ಲಿ ಒಂದು ಹೆಸರು ಎರಡು ಸಲ ಬಂದರೆ ಒಂದಾಗಿಸತಕ್ಕದ್ದು. ಇದು ನಿರ್ದೇಶಕರ ಆಜ್ಞೆ. ಅವರು ಡೆಲ್ಲಿಯಲ್ಲಿ ಓದಿದವರು. ಒಂದೇ ಹೆಸರಿನವರು ಇಬ್ಬರಿರಬಹುದು, ಅದರಲ್ಲೊಬ್ಬರು ದೇವರಾಗಿರಬಹುದು ಎಂಬುದು ಅಲ್ಲಿನ ಪಾಠದಲ್ಲಿ ಇರಲಿಲ್ಲವಂತೆ.

ಹೀಗಾಗಿ ದೇವಲಾಪುರವೆಂಬ ಊರಿನ ಅಡಿಯಲ್ಲಿ ಕಂಪ್ಯೂಟರು ಹೆತ್ತದ್ದು ಇದು: "ಮಾರಮ್ಮ. ವಾಸ: ಬೇವಿನ ಮರದಡಿ, ಮಗಳ ಮನೆಯಲ್ಲಿ. ವಯಸ್ಸು: ಅರವತ್ತು, ಅನಾದಿ. ಕೆಲಸ: ಹೆರಿಗೆ ಮಾಡಿಸುವುದು, ಸಿಡುಬು ಬರಿಸುವುದು. ಪ್ರತಿಫಲ: ಒಂದು ಸೇರು ರಾಗಿ, ವರ್ಷಕ್ಕೊಂದು ಕುರಿಮರಿ."

ನಗಬಹುದು. ಸೂಲಗಿತ್ತಿ ಮಾರಮ್ಮನಿಗೆ ನಗು ಬರಲಿಲ್ಲ. ಪಟ್ಟಿಯಲ್ಲಿರುವ ಸೂಲಗಿತ್ತಿಯರಿಗಷ್ಟೇ ತರಬೇತಿ, ತರಬೇತಿಯ ಚೀಟಿ ಇಲ್ಲದವರು ಇನ್ನು ಹೆರಿಗೆಗೆ ಕೈ ಹಾಕುವಂತಿಲ್ಲ ಎಂದು ಸಂಸ್ಥೆ ಊರೂರಲ್ಲಿ ಸಾರಿತ್ತು. ಪ್ರಾಯದಿಂದ ಮಾಡಿಕೊಂಡು ಬಂದ ಕೆಲಸ ಕೈತಪ್ಪುತ್ತದೆಂದು ಅವಳು ಶ್ರೀರಂಗಪಟ್ಟಣಕ್ಕೇ ಬಂದು ನಿಂತಳು.

"ನನ್ನೆಸ್ರು ಎಲ್ಲೋಯ್ತು ಸ್ವಾಮಿ?"

ನಿರ್ದೇಶಕರು ಪರದೆ ನೋಡಿದರು, ಅವಳನ್ನು ನೋಡಲಿಲ್ಲ. "ಇಲ್ಲಿರೋದು ದೇವಸ್ಥಾನ ಅಮ್ಮಾ. ದೇವಸ್ಥಾನಕ್ಕೆ ತರಬೇತಿ ಕೊಡೋಕಾಗಲ್ಲ."

"ದ್ಯಾವಸ್ಥಾನ ಬಸ್ಸತ್ಕಂಡು ಬತ್ತದಾ?"

"ನಿಯಮ ಅಂದ್ರೆ ನಿಯಮ."

ಚಲುವಯ್ಯನಿಗೆ ತಡೆಯಲಾಗಲಿಲ್ಲ. ಅವಳು ಹೋದ ಮೇಲೆ ಇಬ್ಬರನ್ನೂ ಬಿಡಿಸಿಟ್ಟ. ಸೋಮವಾರ ಕೂಡಿಸಿದರೆ ಮತ್ತೆ ಒಂದೇ! ಇಲ್ಲಿ ಬಿಡಿಸಿದರೇನು, ಉಳಿದ ಮೂರು ಊರಿನ ಫ್ಲಾಪಿಗಳು ಹಳೆಯದನ್ನೇ ಹೊತ್ತು ಬಂದಿದ್ದವು. ಗರಿಕೆ ಕಿತ್ತಂತೆ. ಕಿತ್ತಷ್ಟೂ ಪಕ್ಕದಲ್ಲಿ ಮೊಳೆಯುತ್ತದೆ. ಮಾರನೆಯ ವಾರವೇ ತರಬೇತಿ. ನಿರ್ದೇಶಕರು ದೊಡ್ಡ ಮನಸ್ಸು ಮಾಡಿ ಹೇಳಿದರು: "ಆ ಹೆಂಗಸನ್ನ ಮಾರಮ್ಮ-2 ಅಂತ ಹಾಕು. ಮೊದಲು ಅವಳನ್ನ ಒಂದ್ಮಾತು ಕೇಳು."

ಚಲುವಯ್ಯ ದೇವಲಾಪುರಕ್ಕೆ ಹೋದ.

"ಅವ್ವಾ, ಎಸ್ರಿನ ಪಕ್ಕ ಒಂದು 'ಎರಡು' ಆಕ್ಬುಡ್ತೀನಿ, ಎಲ್ಲ ಸರಿಯಾಯ್ತದೆ."

"ಯಾರಿಗ್ಲಾ ಎರಡು?"

"ನಿಂಗೇ ಕಣವ್ವ. ಅವ್ಳು ದೇವ್ರಲ್ವಾ?"

ಮಾರಮ್ಮ ಎಲೆಯಡಿಕೆ ಉಗಿದು ಬಂದಳು. "ದೇವ್ರಾದ್ರೆ ಕೊಂಬಾ? ಈ ಊರಲ್ಲಿ ಅರ್ಧ ಜನ ನನ್ ಕೈಗೆ ಬಿದ್ದವ್ರು. ಅವ್ಳು ಸಿಡುಬು ಕೊಟ್ಟು ಮಲಗ್ಸಿದೋಳು. ಅವ್ಳಿಗೇ ಆಕ್ಲಾ ಎರಡ. ಯಾರಾರ ಕೇಳುದ್ರೆ ಮಾರಮ್ಮನೇ ಏಳುದ್ಲು ಅನ್ನು."

ಚಲುವಯ್ಯ ಈ ಸಲ ಸೋಮವಾರಕ್ಕೆ ಕಾಯಲಿಲ್ಲ. ನಾಗಮಂಗಲ, ಪೇಟೆ, ಪಾಂಡವಪುರ ಎಂದು ಇಳಿದಿಳಿದು, ಒಂದೊಂದು ಕಂಪ್ಯೂಟರಿನಲ್ಲೂ ಅವಳನ್ನು ಮಾರಮ್ಮ, ದೇವಿಯನ್ನು ಮಾರಮ್ಮ-2 ಮಾಡಿದ. ಶ್ರೀರಂಗಪಟ್ಟಣದಲ್ಲೂ ತಿದ್ದಿ, ಸೋಮವಾರ ಕೂಡಿಸಿದ. ಇಬ್ಬರೂ ತಂತಮ್ಮ ಜಾಗದಲ್ಲಿ ನಿಂತರು.

ನಿರ್ದೇಶಕರು ಅಚ್ಚಾದ ಹಾಳೆ ಹಿಡಿದು ಕೂಗಿದರು. "ದೇವಿಗೆ ಎರಡನೇ ನಂಬರಾ? ಯಾರಯ್ಯ ನಿಂಗೆ ಹೇಳಿದ್ದು?"

"ಮಾರಮ್ಮನೇ ಹೇಳಿದ್ಲು ಸಾರ್. ಎದುರಿಗೇ ನಿಂತ್ಕಂಡು."

"ಅಂದ್ರೆ... ಕಾಣಿಸ್ಕೊಂಡ್ಲಾ?"

"ಚೆನ್ನಾಗೇ ಕಾಣುಸ್ಕಂಡ್ಲು ಸಾರ್. ಬೈದ್ಲು ಕೂಡ."

ಡೆಲ್ಲಿಯಲ್ಲಿ ಓದಿದ ಮಹನೀಯರು ಮೆಲ್ಲಗೆ ಬೂಟು ಬಿಚ್ಚಿದರು. ಕಂಪ್ಯೂಟರಿಗೆ ಕೈ ಮುಗಿದು, "ಹಾಗೇ ಇರಲಿ, ಹಾಗೇ ಇರಲಿ" ಎಂದು ಸಹಿ ಹಾಕಿದರು. ಬಾಗಿಲಿಗೆ ಬಂದು ನಿಂತ ಮಾರಮ್ಮನಿಗೆ ಬಗ್ಗದ ನಿಯಮ, ಕಾಣದ ಮಾರಮ್ಮನಿಗೆ ಮಂಡಿಯೂರಿತು. ಇಂಥವರ ಕೈಗೆ ನಾವು ನಾಲ್ಕು ತಾಲೂಕು ಕೊಟ್ಟಿದ್ದೇವೆ.

ತರಬೇತಿ ಮುಗಿಸಿ, ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದ ಸೂಲಗಿತ್ತಿ ಬೇವಿನ ಮರದ ಹತ್ತಿರ ನಿಂತಳಂತೆ.

"ಬೇಜಾರ್ ಮಾಡ್ಕಬ್ಯಾಡ ಕಣವ್ವ," ಎಂದಳಂತೆ ದೇವಿಗೆ. "ಎರಡ್ನೇಯವ್ಳಾದ್ರೂ ಮರಿ ನಿಂಗೇಯ."