ಹಿಟ್ಟಿನ ಪಾಕೀಟು ಮತ್ತು ನಾನು ನುಂಗಿದ ವಾಕ್ಯ

ನಾಸಿಕದ ಮಗಳ ಮನೆಯ ಊಟದ ಮೇಜಿನ ಮೇಲೆ ಬೆಳಿಗ್ಗೆಯಿಂದ ಒಂದು ಸ್ಟೀಲಿನ ಡಬ್ಬಿ ಕೂತಿದೆ. ಮುಚ್ಚಳ ತೆಗೆದರೆ ಹುರಿದ ಗೋಧಿ, ಶೇಂಗಾ, ಬೆಲ್ಲದ ವಾಸನೆ. ಒಳಗೆ ಉಂಡಿಗಳು. ತಂದವಳು ಶರಣಮ್ಮ. ಪಿಂಪಳಗಾಂವ್ ಬಸವಂತ್‌ನಲ್ಲಿ ದ್ರಾಕ್ಷಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ದುಡಿಯುತ್ತಾಳೆ. ರಜೆ ಸಿಕ್ಕಿತೆಂದು ನನ್ನನ್ನು ನೋಡಲು ಬಂದು, ಸುಮ್ಮನೆ ಕೂಡಲಾರದೆ ಬಾಲ್ಕನಿಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಳೆ. ನಾನೋ ಚಹಾ-ಬಿಸ್ಕೀಟಿನ ಮೇಲೆ ಬದುಕುವ ಪ್ರಾಣಿ. ಆಫೀಸಿಗೆ ಹೊರಟ ಮಗಳು ಬೈದರೆ "ಅಪೆಟೈಟೇ ಇಲ್ಲವ್ವ" ಅಂದುಬಿಡುತ್ತೇನೆ. ಇಂಗ್ಲಿಷಿನಲ್ಲಿ ಹೇಳಿದರೆ ಯಾವ ನೆಪಕ್ಕೂ ಒಂದು ಡಿಗ್ನಿಟಿ ಬರುತ್ತದೆ, ನೋಡಿ.

ಈ ವಾಸನೆಗೂ ನನಗೂ ಆರು ವರ್ಷದ ಹಿಂದಿನ ಪರಿಚಯ. ಆಗ ನಾನು ಸಂಭಾಜಿನಗರದ ಚಿಕಲಠಾಣಾದಲ್ಲಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಹೊಸ ಕಟ್ಟಡ ಏಳುತ್ತಿತ್ತು. ಅದರ ಬುಡದಲ್ಲಿ ತಗಡಿನ ಶೆಡ್ಡುಗಳು, ಶೆಡ್ಡುಗಳಲ್ಲಿ ಕಲಬುರಗಿ ಕಡೆಯ ಕೂಲಿ ಜನ. ಪಕ್ಕದ ಗಲ್ಲಿಯ ಅಂಗನವಾಡಿ ನಡೆಸುವ ಸುನಂದಾತಾಯಿಗೆ ಕನ್ನಡ ಬಾರದು, ಇವರಿಗೆ ಮರಾಠಿ ಬಾರದು. ಎರಡೂ ಬಲ್ಲ, ಮಾಡಲು ಬೇರೇನೂ ಇಲ್ಲದ ಮುದುಕಿಯೊಬ್ಬಳು ಇದ್ದಾಳೆಂದು ಆಕೆ ನನ್ನನ್ನು ಹಿಡಿದಳು. ಆನರರಿ ಇಂಟರ್‌ಪ್ರಿಟರ್! ಆ ಪದವಿ ನನ್ನ ತಲೆಗೂ ಸ್ವಲ್ಪ ಏರಿತ್ತು. ಬೀದರದ ಕಾನ್ವೆಂಟಿನಲ್ಲಿ ಡಿಕ್ಟೇಷನ್ ಬರೆಯುವಾಗ ಒಂದು ಪದ ಬಿಟ್ಟರೂ ಬೆರಳಿನ ಗೆಣ್ಣಿಗೆ ಸ್ಕೇಲಿನ ಏಟು ಬೀಳುತ್ತಿತ್ತು. ಆ ಗೆಣ್ಣುಗಳು ಈಗ ಬಾತು ಸೊಟ್ಟಗಾಗಿವೆ, ಏಟಿನ ಪಾಠ ಮಾತ್ರ ನೆಟ್ಟಗಿದೆ.

ಆ ಕೂಲಿಯವರಲ್ಲೊಬ್ಬಳಾದ ಶರಣಮ್ಮನಿಗೆ ಆಗ ಐದು ತಿಂಗಳು, ಚೊಚ್ಚಲು. ಬಸುರಿಯರಿಗೆ ಪ್ರತಿ ತಿಂಗಳು ಕೊಡುವ ಹಿಟ್ಟಿನ ಪಾಕೀಟುಗಳನ್ನು ಅವಳ ಕೈಗಿಡುತ್ತ ಸುನಂದಾತಾಯಿ ಒಂದೇ ಮಾತು ಹೇಳುವಳು: "ರೋಜ್ ಖಾ. ಬಾಳ್ ಮೋಠಂ ಹೋಯೀಲ್." ನಾನು ಪದಕ್ಕೆ ಪದ ಒಪ್ಪಿಸುವೆ: "ದಿನಾ ತಿನ್ನಬೇಕಂತವ್ವ. ಕೂಸು ದೊಡ್ಡದಾಗತದಂತ."

"ಹೂಂನ್ರಿ ಅವ್ವಾರ."

ಮುಂದಿನ ತಿಂಗಳು ತೂಕದ ಮುಳ್ಳು ಇದ್ದಲ್ಲೇ ಇತ್ತು. ಮೂರನೆಯ ಸಲ ಇಳಿದಿತ್ತು. ಹೀಗೇ ಹೋದರೆ ಹೆರಿಗೆಯ ಹೊತ್ತಿಗೆ ತಾಯಿಯೂ ಉಳಿಯಲಿಕ್ಕಿಲ್ಲ, ಮಗುವೂ ಉಳಿಯಲಿಕ್ಕಿಲ್ಲ ಎಂದು ಸುನಂದಾತಾಯಿ ನನ್ನ ಕಿವಿಯಲ್ಲಿ ಹೇಳಿದಳು. ಅದನ್ನು ನಾನು ಅನುವಾದಿಸಲಿಲ್ಲ.

ಹಾಗಾದರೆ ಪಾಕೀಟುಗಳು ಹೋಗುತ್ತಿದ್ದದ್ದೆಲ್ಲಿ? ಕುತೂಹಲ ನನ್ನ ಹಳೆಯ ರೋಗ. ಕಾನ್ವೆಂಟಿನ ಸಿಸ್ಟರುಗಳ ತಲೆವಸ್ತ್ರದ ಕೆಳಗೆ ಕೂದಲಿದೆಯೋ ಇಲ್ಲವೋ ನೋಡಲು ಹೋಗಿ ಸಿಕ್ಕಿಬಿದ್ದವಳು ನಾನು. ಗಂಡ ತಿನ್ನುತ್ತಾನೆಯೇ? ಯಾರದಾದರೂ ಮೇಕೆಗೆ ಹಾಕುತ್ತಾಳೆಯೇ? ಉಪ್ಪಿನಕಾಯಿ ಕೊಡುವ ನೆಪ ಮಾಡಿ ಅವಳ ಶೆಡ್ಡಿಗೆ ಹೋದೆ. ನೀರಿನ ಕೊಡದ ಹಿಂದೆ ಅಷ್ಟೂ ಪಾಕೀಟು ಇದ್ದವು. ಒಂದನ್ನೂ ಒಡೆದಿರಲಿಲ್ಲ. ಇಟ್ಟಂಗಿ ಜೋಡಿಸಿ ರೂಢಿಯಾದ ಕೈ, ಸಾಲು ನೇರವಾಗಿತ್ತು.

"ಇದೇನವ್ವ, ಗ್ವಾಡಿ ಕಟ್ಲತ್ತೀಯೇನು?"

ಅವಳು ನಕ್ಕಳು. ಆಮೇಲೆ ನಗಲಿಲ್ಲ. "ನೀವಽ ಹೇಳ್ತೀರಲ್ರಿ, ಕೂಸು ದೊಡ್ಡದಾಗತದಂತ. ದೊಡ್ಡದಾದ್ರ ಹೆಂಗ ಹೊರಗ ಬರಬೇಕ್ರಿ? ವಾಳೂಜ್‌ದಾಗ ನಮ್ಮಕ್ಕಗ ಹಂಗಽ ಆಗಿ ಹೊಟ್ಟಿ ಕೊಯ್ದ್ರು. ಆರು ತಿಂಗಳು ಬುಟ್ಟಿ ಎತ್ಲಾಕ ಆಗಲಿಲ್ಲ. ಕೂಲಿ ಹಚ್ಚೂ ಮುಕಾದಮ ಗಂಡ-ಹೆಂಡ್ತಿ ಇಬ್ಬರ್ನೂ ಊರಿಗೆ ಅಟ್ಟಿಬಿಟ್ಟ. ಅದಕಽ ನಾ ಒಂದಽ ಹೊತ್ತು ಉಣ್ಲತ್ತೀನ್ರಿ."

ಮೂರು ತಿಂಗಳು ಅವಳನ್ನು ಹೆದರಿಸಿದ್ದು ನಾನು. ಅದೂ ಒಂದು ಪದ ತಪ್ಪದಂತೆ.

ಸುನಂದಾತಾಯಿಗೆ ಹೇಳಿದೆ. ಆಕೆ ಹಣೆ ಒತ್ತಿಕೊಂಡು, "ತಿನ್ನದಿದ್ದರೆ ಹೆರಿಗೆ ಹಗುರಾಗುವುದಿಲ್ಲ, ಹೆರುವವಳು ಸೋಲುತ್ತಾಳೆ" ಎಂದಳು. ಮುಂದಿನ ವಾರವೇ ಶರಣಮ್ಮನನ್ನು ಕರೆಸಿ, ನೋವು ತಡೆಯಲು ಮೈಯಲ್ಲಿ ತ್ರಾಣ ಬೇಕೆಂದು ಮರಾಠಿಯಲ್ಲಿ ಚೆನ್ನಾಗಿಯೇ ವಿವರಿಸಿದಳು. ಕೊನೆಗೆ ರೂಢಿಬಲದಿಂದ ಸೇರಿಸಿದಳು: "ಬಾಳ್ ಮೋಠಂ ಹೋಯೀಲ್."

"ಬ್ಯಾನಿ ತಿನ್ಲಾಕ ಮೈಯಾಗ ಕಸುವು ಬೇಕವ್ವ," ಎಂದೆ ನಾನು. "ಇದು ಕಸುವಿಗೆ..." ಅಲ್ಲಿಗೆ ತಡವರಿಸಿ, ಉಳಿದ ವಾಕ್ಯವನ್ನು ನುಂಗಿಬಿಟ್ಟೆ. ಸಿನ್ ಆಫ್ ಒಮಿಷನ್, ಬಿಟ್ಟುಬಿಟ್ಟ ಪಾಪ. ಗೆಣ್ಣುಗಳು ಸ್ಕೇಲಿಗಾಗಿ ಕಾಯುತ್ತಿದ್ದವು. ಶರಣಮ್ಮ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಅಲ್ಲೇ ಪಾಕೀಟು ಹರಿದು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

ಶರಣಮ್ಮನಿಗೆ ಮಗಳು ಹುಟ್ಟಿದಳು. ಕೊಯ್ಯುವ ಪ್ರಸಂಗ ಬರಲಿಲ್ಲ. ಆರು ವರ್ಷ ನಾನು ಮನಸ್ಸಿನೊಳಗೇ ಬೀಗಿದ್ದೇ ಬೀಗಿದ್ದು. ಎಂಥ ಟ್ರಾನ್ಸ್‌ಲೇಷನ್ ಮಾಡಿದೆನಲ್ಲ ಎಂದು.

ಈಗಷ್ಟೇ ಬಾಲ್ಕನಿಗೆ ಹೋಗಿ ಆ ವಾಕ್ಯ ನುಂಗಿದ ಗುಟ್ಟನ್ನು ಅವಳಿಗೆ ಹೇಳಿದೆ. ಶರಣಮ್ಮ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಮೋಠಂ ಅಂದ್ರೇನಂತ ನನಗ ಆವಾಗಽ ತಿಳೀತಿತ್ರಿ ಅವ್ವಾರ. ಮೋಠಾ ಬುಟ್ಟಿ ಹೊರ್ರಿ ಅಂತ ಮುಕಾದಮ ದಿನಾ ವದರ್ತಿದ್ದ."

"ಮತ್ತ ಯಾಕ ತಿಂದಿ?"

"ಅಲ್ಲೀತನ ಸುನಂದಾತಾಯಿ ಅಂದಿದ್ದು ಅಂದಂಗಽ ತಂದು ನನ್ನ ಮುಂದ ಸುರೂತಿದ್ರಿ. ಅವತ್ತ ನಿಮ್ಮ ಬಾಯಿ ತಡವರಿಸ್ತು. ನನ್ನ ಅಂಜಿಕಿ ಇವರಿಗೂ ತಟ್ಟ್ಯದ ಅನಸ್ತು. ಅಂಜಿಕಿ ಇಬ್ಬರದಾಗಿ ಹಗುರಾತು ನೋಡ್ರಿ, ಹಸಿವಿ ಆತು."

ನಾನು ಒಳಗೆ ಬಂದು ಮೇಜಿನ ಮುಂದೆ ಕೂತೆ. ಅವಳು ಬಾಲ್ಕನಿಯಿಂದಲೇ ಡಬ್ಬಿಯತ್ತ ಗದ್ದ ಎತ್ತಿದಳು. "ಇದು ಪಾಕೀಟಿಂದಲ್ರಿ, ನಾನಽ ಹುರಿದು ಕಟ್ಟೀನಿ. ಮುಂಜಾನಿಂದ ಹಂಗಽ ಇಟ್ಟೀರಿ."

"ಅಪೆಟೈಟ್ ಇಲ್ಲವ್ವ."

"ಹಂಗಂದ್ರೇನ್ರಿ?"

ಹಸಿವಿಲ್ಲ ಎನ್ನಬೇಕಿತ್ತು. ಪದಕ್ಕೆ ಪದ ಅದೇ ಸರಿ. ಬಾಯಿಗೆ ಬಂದದ್ದೇ ಬೇರೆ: "ಒಬ್ಬಾಕಿನಽ ಕೂತು ತಿನ್ನೂದು ಬ್ಯಾಸರ."

ಶರಣಮ್ಮ ಕೈ ಒರೆಸಿಕೊಂಡು ಎದ್ದು ಬಂದು, ನನ್ನೆದುರು ಕುರ್ಚಿ ಎಳೆದು ಕೂತಳು. ಒಂದು ಉಂಡಿ ಮುರಿದು, ಎರಡು ಹೋಳನ್ನೂ ಕಣ್ಣಳತೆಯಲ್ಲಿ ತೂಗಿ, ದೊಡ್ಡದನ್ನು ನನ್ನ ಕೈಗಿಟ್ಟಳು.