ಕೆರುಬೋ ಹಾಕಿದ ಸೊನ್ನೆ

ಕೆರುಬೋ ಬಹಳ ತಾಳ್ಮೆಯ ಹೆಣ್ಣುಮಗಳಾಗಿದ್ದಳು ಎಂದು ಅವಳನ್ನು ಮಣ್ಣು ಮಾಡಿದ ದಿನ ಪಾದ್ರಿಗಳು ಹೇಳಿದರು. ಅಳುತ್ತಿದ್ದ ನನಗೆ ನಗು ಬಂತು. ಹನ್ನೊಂದು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತವನು ನಾನು. ಚಹಾ ಆರುವವರೆಗೂ ಕಾಯದೆ ನಾಲಿಗೆ ಸುಟ್ಟುಕೊಂಡು, ಮತ್ತೆ ಚಹಾಕ್ಕೇ ಬೈಯುತ್ತಿದ್ದವಳು ಅವಳು.

ನೈರೋಬಿಯ ನಮ್ಮ ಪುಟ್ಟ ಸಂಸ್ಥೆಯಲ್ಲಿ ಅವಳ ಕೆಲಸ, ನಮ್ಮಂಥ ಹನ್ನೆರಡು ದೇಶಗಳ ಸರ್ಕಾರಗಳು ತಮ್ಮ ಮಾಹಿತಿಯನ್ನು ಜನರಿಗೆ ಎಷ್ಟು ಮುಕ್ತವಾಗಿ ಕೊಟ್ಟಿವೆ ಎಂದು ಹೋಲಿಸಿ, ನಾಲ್ಕಕ್ಕೆ ಇಷ್ಟು ಎಂದು ಅಂಕ ಹಾಕುವುದು. ನಾಲ್ಕು ವರ್ಷದ ಹಿಂದೆ ಉರುಗ್ವೆಯ ಕಡತ ಒತ್ತಿದ ಕೂಡಲೇ ತೆರೆಯಿತು. ನಮ್ಮ ದೇಶದ ಮಾದರಿಯೆಂದು ಆರಿಸಿದ್ದ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಕುಡಿಯುವ ನೀರಿನ ನಲ್ಲಿಗಳ ಪಟ್ಟಿ ತೆರೆದರೆ ಬರೀ ಫೋಟೋಗಳು! ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ಪಟ್ಟಿಯನ್ನು ಮುದ್ರಿಸಿ, ಪುಟಪುಟಕ್ಕೂ ನೇರಳೆ ಮೊಹರು ಒತ್ತಿ, ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕಿದ್ದರು. ಊರಿನ ಹೆಸರು ಹುಡುಕಿದರೆ ಸಿಗದು. ಅರ್ಧ ಅಂಕಿಗಳು ಮೊಹರಿನ ಅಡಿಯಲ್ಲಿ. ಕೆರುಬೋ ಸೊನ್ನೆ ಹಾಕಿದಳು.

ನಮ್ಮ ಮುಖ್ಯಸ್ಥ ಮುಟಿಸೋ ಕುರ್ಚಿಯಿಂದ ಎದ್ದೇಬಿಟ್ಟರು.

"ನಮ್ಮ ದೇಶ ಕಣಮ್ಮಾ! ಶುಕ್ರವಾರ ಸಮ್ಮೇಳನ. ಸಚಿವರ ಮುಂದೆ ಸೊನ್ನೆ ಅಂತ ಓದ್ಲಾ? ಎರಡಾದ್ರೂ ಹಾಕು. ಇಲ್ದಿದ್ರೆ ಮುಂದಿನ ವರ್ಷ ನಿನ್ನ ಕೆಲಸ ಇರತ್ತೆ ಅಂತ ಅಂದ್ಕೋಬೇಡ."

"ಉರುಗ್ವೆಯವ್ರಿಗೆ ಅತ್ತೆ, ನಮ್ಮವ್ರಿಗೆ ತಾಯಿ ಆಗು ಅಂತ ನನ್ನ ನೇಮಕದ ಪತ್ರದಲ್ಲಿ ಬರ್ದಿಲ್ಲ, ಸಾರ್."

ಮರುದಿನ ನನ್ನನ್ನೂ ಎಳೆದುಕೊಂಡು ಮತಾಟು ವ್ಯಾನು ಹತ್ತಿ ಆ ಕೌಂಟಿಯ ಕಚೇರಿಗೆ ಹೋದಳು. ಪಟ್ಟಿಯ ಒಡೆಯರು ಚೆರುಯೋಟ್ ಎಂಬ ಹಿರಿಯ ಅಧಿಕಾರಿ.

"ಮೊಹರಿಲ್ದೆ ಇರೋದನ್ನ ಯಾರಮ್ಮಾ ನಂಬ್ತಾರೆ? ನಾಳೆ ಯಾವನೋ ಅಂಕಿ ತಿದ್ದಿ, ಇದು ಚೆರುಯೋಟ್ ಕೊಟ್ಟಿದ್ದು ಅಂದ್ರೆ?"

"ಮೊಹರಿರೋದನ್ನ ಬೀರುವಲ್ಲಿಟ್ಟು ದಿನಾ ನೋಡಿ ಖುಷಿಪಡಿ, ಯಜಮಾನ್ರೇ. ಜನಕ್ಕೆ ಮೂಲ ಕಡತ ಕೊಡಿ."

"ನೀನು ಹೊರಡೋದು ಯಾವಾಗ?"

"ನೀವು ಕೊಟ್ಮೇಲೆ."

ಹೀಗೆ ಮೂರು ದಿನ ಹೋಗಿ ಅವರ ಕೋಣೆಯಲ್ಲೇ ಕೂತಳು. ಅವರ ಪಾಲಿನ ಮಂದಾಜಿ ಎಂಬ ಕರಿದ ಬನ್ನುಗಳನ್ನೂ ಬಿಸಿ ಆರುವ ಮೊದಲೇ ತಿಂದಳು. ಗುರುವಾರ ಮಧ್ಯಾಹ್ನ, ಬಹುಶಃ ತಿಂಡಿ ಉಳಿಸಿಕೊಳ್ಳಲೆಂದೇ, ಚೆರುಯೋಟ್ ಮೊಹರಿಲ್ಲದ ಕಡತವನ್ನು ಜಾಲತಾಣಕ್ಕೆ ಹಾಕಿದರು.

ಶುಕ್ರವಾರ ಬೆಳಿಗ್ಗೆ ಅವರದೇ ಫೋನು. ಕೆರುಬೋ ನನಗೂ ಕೇಳುವಂತೆ ಹಿಡಿದಳು.

"ಹತ್ತೊಂಬತ್ತು ಜನ ಬೈದ್ರಮ್ಮಾ! ನೀರು ಬರ್ತಿದೆ ಅಂತ ನಾನು ಬರ್ದಿರೋ ನಲ್ಲಿಗೆ ಆಡು ಕಟ್ಟಿದಾರಂತೆ. ಮೊಹರಿದ್ದಾಗ ಒಬ್ನೂ ಫೋನ್ ಮಾಡ್ತಿರ್ಲಿಲ್ಲ. ಈಗ್ಲೇ ತೆಗೆದುಹಾಕ್ತೀನಿ!"

"ತೆಗೀರಿ, ಸೊನ್ನೆ ಹಾಗೇ ಇರತ್ತೆ. ತಪ್ಪು ತಿದ್ದಿದ್ರೆ ಎರಡು."

"ಮೂರು ಕೊಡು."

"ಇದೇನು ಟೊಮೆಟೊ ವ್ಯಾಪಾರಾನಾ, ಯಜಮಾನ್ರೇ?"

ಮಧ್ಯಾಹ್ನದೊಳಗೆ ಏಳು ಸಾಲು ತಿದ್ದಿದರು. ಕೆರುಬೋ ಒಂದೊಂದನ್ನೂ ನೋಡಿ, ಸೊನ್ನೆ ಹೊಡೆದುಹಾಕಿ ಎರಡು ಬರೆದಳು. ಮುಟಿಸೋ ಅದನ್ನು ತಮ್ಮದೇ ಸಾಧನೆಯೆಂಬಂತೆ ಸಮ್ಮೇಳನದಲ್ಲಿ ಓದಿದರು.

ಅವಳ ಕೆಲಸ ಇನ್ನೂ ನಾಲ್ಕು ವರ್ಷ ಉಳಿಯಿತು. ಕಳೆದ ತಿಂಗಳು ತಲೆಯಲ್ಲಿ ರಕ್ತನಾಳ ಒಡೆದು, ಒಂದೇ ದಿನದಲ್ಲಿ ಹೋಗಿಬಿಟ್ಟಳು. ಅಲ್ಲೂ ಕಾಯಲಿಲ್ಲ.

ಈ ವರ್ಷದ ಹೋಲಿಕೆ ಈಗ ನನ್ನ ಮೇಜಿನ ಮೇಲಿದೆ. ನಿನ್ನೆ ಚೆರುಯೋಟ್ ಫೋನ್ ಮಾಡಿದರು.

"ಅವಳಿಲ್ಲ ಅಂತ ಧಾರಾಳವಾಗಿ ಮೂರು ಕೊಟ್ಬಿಡ್ಬೇಡಪ್ಪಾ. ಇನ್ನೂ ಮೂವತ್ತು ಸಾಲು ತಿದ್ದೋದಿದೆ."

ಎರಡೇ ಬರೆದೆ.